ಚಿಗವ್ವನ ಸಣ್ಣ ಕೌದಿ

ಅಗಸಿ ಎಣ್ಣೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನಾನು ಬಾದಾಮಿಯ ಕಾಕಾನ ಪಡಸಾಲೆಗೆ ಹೋಗಿ ನಿಂತಿರುತ್ತೇನೆ. ಕಾಕಾ ಅಂದರೆ ಅಪ್ಪನ ತಮ್ಮ, ಸಾಲಿಯಲ್ಲಿ ಚಿತ್ರಕಲೆಯ ಮಾಸ್ತರ. ರವಿವಾರ ಮುಂಜಾನೆ ಹಳೆಯ ಧೋತರದ ತುಂಡಿಗೆ ಎಣ್ಣೆ ಹಚ್ಚಿಕೊಂಡು ತನ್ನ ಕಟ್ಟಿಗೆಯ ಸಾಮಾನುಗಳನ್ನು ಒಂದೊಂದಾಗಿ ಒರೆಸುತ್ತಿದ್ದ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಹುನಗುಂದದ ನಮ್ಮ ಮನೆಯಿಂದ ನನ್ನನ್ನು ಓದಲಿಕ್ಕೆಂದು ಅವನ ಹತ್ತಿರ ಬಿಟ್ಟಿದ್ದರು. ಆ ಪಡಸಾಲೆಯ ಗೂಡುಗಳಲ್ಲಿ ಜಗತ್ತೇ ಬಂದು ಕೂತಿತ್ತು. ಯಾವುದೋ ಹಿಮದ ದೇಶದ ಬಣ್ಣದ ಕುದುರೆ, ಹುಲ್ಲಿನಲ್ಲಿ ಹೆಣೆದ ಹಕ್ಕಿ, ಊದಿದರೆ ಗೂಬೆಯಂತೆ ಕೂಗುವ ಮಣ್ಣಿನ ಪೀಪಿ, ಹಲ್ಲು ಕಿಸಿದ ಮುಖವಾಡ. ಅವುಗಳ ಮಗ್ಗುಲಲ್ಲೇ ನಮ್ಮ ಕಡೆಯ ಮುಕ್ಕಾದ ಗೌರಿ ಗೊಂಬೆ, ಎತ್ತಿನ ಕೊರಳ ಗಂಟೆ, ಯಾರೋ ತಿಪ್ಪೆಗೆ ಎಸೆದಿದ್ದ ತೊಟ್ಟಿಲ ಗಿಣಿ.

ಕಲ್ಲಲ್ಲಿ ಕೊರೆದ ಮೇಣಬಸದಿ ಗುಹೆಗಳನ್ನು ನೋಡಲು ಬರುವ ಪರದೇಶದವರನ್ನು ಕಾಕಾ ತಾನೇ ಗುಡ್ಡ ಹತ್ತಿಸಿ ಮೂರ್ತಿಗಳನ್ನು ತೋರಿಸುತ್ತಿದ್ದ. ರೊಕ್ಕ ಮುಟ್ಟುತ್ತಿರಲಿಲ್ಲ. ನಿಮ್ಮ ಹಿರಿಯರು ಕೈಯಾರೆ ಮಾಡಿದ್ದು ಏನಾದರೊಂದು ಕಳಿಸಿ, ನಮ್ಮದೊಂದು ಕೊಡುತ್ತೇನೆ ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ಮಾತು ಕೊಟ್ಟವರಲ್ಲಿ ಬಹಳ ಜನ ಮರೆಯುತ್ತಿದ್ದರು. ಮರೆಯದವರ ಪಾರ್ಸಲ್ ಬಂದ ದಿನ ಅವನಿಗೆ ಊಟದ ಖಬರಿರುತ್ತಿರಲಿಲ್ಲ. ಅವನ ಹೆಂಡತಿ, ನನ್ನ ಚಿಗವ್ವ, ಬಾಗಿಲಿಗೆ ಒರಗಿ ನಿಂತು, "ನೋಡವಾ, ನಿಮ್ಮ ಕಾಕಾಗ ಮತ್ತೊಂದು ಕೂಸು ಹುಟ್ಟಿತು," ಎಂದು ನಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಒಂದು ಹುಟ್ಟಿ ಎಂಟು ತಿಂಗಳಿಗೆ ತೀರಿಹೋಗಿತ್ತೆಂದು ಆಗ ನನಗೆ ಗೊತ್ತಿರಲಿಲ್ಲ.

ಒಂದು ಚಳಿಗಾಲ ಚಿಗವ್ವ ಇಳಕಲ್ಲಿನ ತವರಿಗೆ ಹೋಗಿದ್ದಳು. ಆಗಲೇ ನರೆಗೂದಲಿನ ಒಬ್ಬ ಪರದೇಶದ ಹೆಂಗಸು ಬಂದಳು. ದೇಶ ದೇಶ ತಿರುಗಿ ಹಳೆಯ ಅರಿವೆ, ಹೊಲಿಗೆ ಕೂಡಿಸುವವಳು. ಚೀಲದಿಂದ ತನ್ನ ಅಜ್ಜ ಕೆತ್ತಿದ ಕಟ್ಟಿಗೆಯ ಬಾತುಕೋಳಿಯನ್ನು ತೆಗೆದು ಕಾಕಾನ ಅಂಗೈಯಲ್ಲಿಟ್ಟಳು. ಅದರ ರೆಕ್ಕೆಯ ಮೇಲೆ ಒಂದೊಂದು ಗರಿಯನ್ನೂ ಕೊರೆದಿದ್ದರು. ಬದಲಿಗೆ ಅವಳು ಬೇಡಿದ್ದು ಹಳೆಯ ಅರಿವೆಗಳನ್ನು ಪದರ ಪದರ ಕೂಡಿಸಿ ಹೊಲಿದ ಒಂದು ಕೌದಿ. ಕಾಕಾ ಟ್ರಂಕು ತೆಗೆದ. ಎಲ್ಲಕ್ಕಿಂತ ಕೆಳಗೆ, ಒಣಗಿದ ಬೇವಿನೆಲೆಗಳ ನಡುವೆ, ಕೆಂಪು ಹಸಿರು ತುಂಡುಗಳ ಒಂದು ಸಣ್ಣ ಕೌದಿಯಿತ್ತು. ಒಮ್ಮೆಯೂ ಹೊದ್ದದ್ದಲ್ಲ. "ಇಷ್ಟು ಸಣ್ಣದು ಯಾರಿಗೂ ಸಾಲಂಗಿಲ್ಲ, ಕೊಟ್ರ ಏನಾತು," ಅಂದ. ಎರಡು ಮೂಲೆ ಅವನು ಹಿಡಿದ, ಎರಡು ಮೂಲೆ ನಾನು. ಮಡಚಿ ಕೊಟ್ಟೆವು. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡಳು.

ಚಿಗವ್ವ ತಿರುಗಿ ಬಂದವಳು ಗೂಡಿನಲ್ಲಿ ಹೊಸ ಬಾತುಕೋಳಿಯನ್ನು ಕಂಡು, "ಇದ್ಯಾವ ದೇಶದ್ದರೀ?" ಎಂದು ಖುಷಿಯಿಂದಲೇ ಕೇಳಿದಳು. ಕಾಕಾ ಎಲ್ಲ ಹೇಳಿದ. ಅವಳು ಸೀದಾ ಹೋಗಿ ಟ್ರಂಕು ತೆಗೆದು, ತಳ ಮುಟ್ಟಿ ನೋಡಿ, ಅಲ್ಲೇ ಕೂತಳು.

"ಅದರ ಹೊಟ್ಯಾಗ ನನ್ನ ಕೂಸಿನ ತಲಿ ಕುಂಚಿಗಿ ಇತ್ರೀ. ಅಂಗೀನೂ ಇತ್ತು. ಕೂಸು ಹೋದ ಮ್ಯಾಲ ತವರಾಗ ಕುಂತು ಹೊಲದಿದ್ದೆ."

"ನನಗ ಗೊತ್ತಿದ್ದಿಲ್ಲ," ಅಂದ ಕಾಕಾ.

"ಊರೂರು ಅಡ್ಡಾಡಿ ಮುದುಕ್ಯಾರನ್ನ ಕುಂದ್ರಿಸ್ಕೊಂಡು, ಇದನ್ನ ಯಾರು ಮಾಡಿದ್ರು, ಯಾಕ ಮಾಡಿದ್ರು ಅಂತ ಕೇಳ್ತೀರಿ. ನನ್ನ ಒಂದು ದಿನಾನೂ ಕೇಳಲಿಲ್ಲ ನೀವು."

ಚಿಗವ್ವ ಅಳಲಿಲ್ಲ. ಎದ್ದು ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಎರಡು ಮೂಲೆ ನಾನು ಹಿಡಿದಿದ್ದೆನೆಂದು ಅವಳಿಗೆ ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ನಿಮ್ಮ ಎಳವೆಯಲ್ಲೂ ಇಂಥದೊಂದು ಹೇಳದೆ ಉಳಿದ ಮಾತು ಇದ್ದರೆ, ಅದರ ಭಾರ ವಯಸ್ಸಿನ ಜೊತೆ ಬೆಳೆಯುತ್ತದೆಂಬುದು ನಿಮಗೂ ಗೊತ್ತಿರುತ್ತದೆ.

ಕಾಕಾ ಪತ್ರ ಬರೆದ, ಮತ್ತೆ ಬರೆದ. ಎರಡನೆಯ ಮಳೆಗಾಲಕ್ಕೆ ಆ ಹೆಂಗಸಿನ ಮಗಳಿಂದ ಉತ್ತರ ಬಂತು. ತಾಯಿ ತೀರಿಕೊಂಡಿದ್ದಾಳೆ, ಅವಳ ಸಂಗ್ರಹವೆಲ್ಲ ಒಂದು ವಸ್ತುಸಂಗ್ರಹಾಲಯಕ್ಕೆ ಸೇರಿದೆ, ಹಿಂದಕ್ಕೆ ತರಲು ಬರುವುದಿಲ್ಲ, ಕ್ಷಮಿಸಿ. ಜೊತೆಗೊಂದು ಫೋಟೋ. ಬಿಳಿ ಗೋಡೆ, ಗಾಜು, ಗಾಜಿನ ಹಿಂದೆ ಕೌದಿ. ಚಿಗವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಗ್ವಾಡಿಗ್ಯಾಕ ಹೊದಿಸ್ಯಾರ? ಆ ಊರಾಗ ಥಂಡಿ ಭಾಳ ಅಂತಾರ. ಕೂಸುಗಳಿಲ್ಲೇನು ಅಲ್ಲೆ?" ಅಂದಳು.

ಆಮೇಲೆ ಕಾಕಾ ಗುಡ್ಡದ ಕಡೆ ಹೋಗುವುದನ್ನು ಬಿಟ್ಟ. ನಾನು ಬಾಗಲಕೋಟೆಯ ಕಾಲೇಜಿಗೆ ಸೇರಿದ ಮೇಲೆ ಪ್ರತಿ ಸೂಟಿಗೆ ಬಂದಾಗಲೂ ಒಂದೆರಡು ಗೂಡು ಬರಿದಾಗಿರುತ್ತಿದ್ದವು. ಕಳಿಸಿದವರ ವಿಳಾಸ ಹುಡುಕಿ ಒಂದೊಂದನ್ನೇ ಟಪಾಲಿಗೆ ಹಾಕುತ್ತಿದ್ದ. ಪಾರ್ಸಲಿನ ಅರಿವೆಗೆ ಹೊಲಿಗೆಯನ್ನು ಚಿಗವ್ವ ತಾನೇ ಹಾಕಿ ಕೊಡುತ್ತಿದ್ದಳು. ನನ್ನ ಕೊನೆಯ ವರ್ಷದ ಬೇಸಿಗೆಯಲ್ಲಿ ಜ್ವರವೆಂದು ದವಾಖಾನೆಗೆ ಹೋದವಳು ಹೊಳ್ಳಿ ಮನೆಗೆ ಬರಲಿಲ್ಲ.

ಅವಳ ತಿಂಗಳ ಕಾರ್ಯ ಮುಗಿದ ಮರುದಿನ ಪರದೇಶದ ಗಂಡಹೆಂಡಿರಿಬ್ಬರು ಮಾಸ್ತರರ ಮನೆ ಕೇಳಿಕೊಂಡು ಬಾಗಿಲಿಗೆ ಬಂದರು. ಗಂಡಸಿನ ಕೈಯಲ್ಲಿ ಕಾಗದ ಸುತ್ತಿದ ಎಂಥದೋ ಇತ್ತು. ಕಾಕಾನೇ ಎದ್ದು ಹೋದ. ಇಂಗ್ಲಿಷು ಬರುತ್ತಿದ್ದರೂ ಕನ್ನಡದಲ್ಲೇ, "ಮಾಸ್ತರ ಇಲ್ರಿ," ಅಂದು ಕೈ ಅಲ್ಲಾಡಿಸಿದ. ಅವರು ನಮಸ್ಕಾರ ಮಾಡಿ ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಹೊಸ್ತಿಲ ಮೇಲೇ ನಿಂತಿದ್ದ. ಗುಡ್ಡದ ಕೆಳಗಿನ ಹೊಂಡದ ಮೆಟ್ಟಿಲ ಮೇಲೆ ಹೆಂಗಸರು ಅರಿವೆ ಒಗೆಯುವ ಸಪ್ಪಳ ಕೆಂಪು ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ಅದನ್ನು ಕೇಳುತ್ತ, ಅವನು ಬಾಗಿಲು ಎಳೆದು ಮುಚ್ಚಿದ.