ಬಾಗಿಲು ತಡೆಯುವ ಹಾಡಿನ ಯಶೋದಕ್ಕ

ಯಶೋದಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹಾಡುತ್ತಿದ್ದಳು. ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಟೈಲರಿಂಗ್ ಅಂಗಡಿ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಪಿನ್ನು ಗಂಟಲಿಗೆ ಇಳಿದೀತೆಂದು ಹೆದರಿ, "ಮೊದ್ಲು ಅದನ್ನ ತೆಗಿ ಮಾರಾಯ್ತಿ" ಎನ್ನುತ್ತಿದ್ದರು. "ಗಂಡನ ಮಾತೆಲ್ಲ ನುಂಗಿ ಅರಗಿಸ್ಕಂಡೀನಿ, ಪಿನ್ನು ಯಾವ ಲೆಕ್ಕ" ಎಂದು ಅವಳು ಮತ್ತೆ ಮಿಷನ್ ತುಳಿಯುತ್ತಿದ್ದಳು. ನಾನು ಅದೇ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವವಳು.

ಮಿಷನ್ ತುಳಿಯುತ್ತಲೇ ಅವಳು ಹಾಡು ಕಟ್ಟುತ್ತಿದ್ದಳು. ಧಾಟಿ ಅಜ್ಜಿಯಂದಿರ ಸೋಬಾನೆಯದು, ಮಾತು ಮಾತ್ರ ಪೂರ್ತಿ ಅವಳದೇ. ನಿಲ್ಲಿಸದೆ ಹೋದ ಬಸ್ಸಿನ ಮೇಲೆ ಒಂದು ಹಾಡು, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ ಮೇಲೆ ಇನ್ನೊಂದು. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಹೇಳಿದರೆ ಇನ್ನೊಬ್ಬರು ಅದನ್ನೇ ಎತ್ತಿಕೊಳ್ಳಬೇಕು. ಮದುವೆ ಮನೆಗಳಲ್ಲಿ ಅವಳ ಸೊಲ್ಲು ಎತ್ತಿಕೊಳ್ಳುತ್ತಿದ್ದವಳು ನಾನು. ದಾಸರ ಪದದ ಹಾಗೆ ಕೊನೆಗೆ ನಿನ್ನ ಹೆಸರು ಸೇರಿಸು ಅಂತ ಒಮ್ಮೆ ಹೇಳಿದ್ದಕ್ಕೆ ನಕ್ಕುಬಿಟ್ಟಳು. "ಹೆಸ್ರು ಕೆತ್ಸಕ್ಕೆ ಅದೇನು ಉಡುಗೊರೆ ಕೊಡೋ ಸ್ಟೀಲ್ ಕೊಡಪಾನವಾ?"

ಹೊಸನಗರದ ಕಡೆ ಒಂದು ಮದುವೆ. ಹೆಣ್ಣು ಗಂಡನ ಮನೆಗೆ ಕಾಲಿಡುವಾಗ ನಾದಿನಿಯರು ಬಾಗಿಲು ತಡೆದು ಗಂಡನ ಹೆಸರು ಹೇಳಿಸುತ್ತಾರಲ್ಲ, ಆ ಶಾಸ್ತ್ರ ನಡೆಯುತ್ತಿತ್ತು. ಹುಡುಗಿ ಹೇಳಿದರೂ ಕೇಳಿಸಲಿಲ್ಲ, ಮತ್ತೆ ಹೇಳು, ಜೋರಾಗಿ ಹೇಳು ಎಂದು ಅವಳ ಕಣ್ಣಲ್ಲಿ ನೀರು ತರಿಸಿದರು. ಮದುಮಗ ಹಲ್ಲು ಕಿಸಿದು ನಿಂತಿದ್ದ. ಯಶೋದಕ್ಕ ಒಳಗಿನಿಂದ ಬಂದವಳೇ ನಿಂತ ಕಾಲಲ್ಲಿ ಕಟ್ಟಿ ಹಾಡಿದಳು:

ನಿನ್ನ ಹೆಸರ ನಾ ಹೇಳಿ ಬಾಗಿಲು ದಾಟೇನು
ನನ್ನ ಹೆಸರ ನೀ ಹೇಳಿದರೆ ಬಾಯಿ ಸವೆದೀತೇನು
ಫೋನಿನಲ್ಲಿ ನನ್ನ ಹೆಸರ ಮನೆ ಅಂತ ಬರೆದಾನೆ
ಗೋಡೆ ಎದ್ದು ಅನ್ನ ಬಡಿಸಿ ಉಣ್ಣೆಂದು ಕರೆದೀತೇನೆ

ಹೆಂಗಸರೆಲ್ಲ ನಗುತ್ತ ತಮ್ಮ ತಮ್ಮ ಗಂಡಂದಿರ ಜೇಬು ನೋಡಿದರು. ಯಾಕೆಂದರೆ ಎಲ್ಲರ ಫೋನಿನಲ್ಲೂ ಹೆಂಡತಿಯ ನಂಬರು 'ಮನೆ' ಅಂತಲೇ ಇತ್ತು. ಮದುಮಗ ಕೆಂಪಗಾಗಿ ಹೆಂಡತಿಯ ಹೆಸರು ಹೇಳಿದ ಮೇಲೇ ಯಶೋದಕ್ಕ ಹಾಡು ನಿಲ್ಲಿಸಿದ್ದು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು, ಹಾಡು ಊರೂರಿಗೆ ಹೋಯಿತು.

ಆಮೇಲೆ ಒಂದು ದಿನ ಸಾಗರಕ್ಕೆ ಬೆಂಗಳೂರಿನ ಬ್ಯಾಂಡಿನವರು ಬಂದರು. ಗಿಟಾರು, ಉದ್ದ ಕೂದಲು, ಹೆಗಲಿಗೆ ಕರಿಕಂಬಳಿ. ಕಂಬಳಿ ಹೊದೆಯುವಂಥ ಚಳಿ ಏನಿರಲಿಲ್ಲ. ಗಾಯಕ ಕಣ್ಣು ಮುಚ್ಚಿ, "ಇದು ನೂರಾರು ವರ್ಷ ಹಳೆಯ ಮಲೆನಾಡಿನ ಜನಪದ. ಕಟ್ಟಿದವರು ಯಾರೋ ಗೊತ್ತಿಲ್ಲ" ಎಂದು ಇದೇ ಹಾಡು ತೆಗೆದ. ಕಟ್ಟಿದವಳು ನನ್ನ ಪಕ್ಕದ ಕುರ್ಚಿಯಲ್ಲಿ ಕಡಲೆ ತಿನ್ನುತ್ತ ಕೂತಿದ್ದಳು. ಫೋನಿನ ಸೊಲ್ಲನ್ನು ಅವನು ಹಾರಿಸಿಬಿಟ್ಟ. ಹಾರಿಸದೆ ಇನ್ನೇನು, ನೂರಾರು ವರ್ಷದ ಹಿಂದೆ ಯಾವ ಅಜ್ಜಿಯ ಸೊಂಟದಲ್ಲಿ ಮೊಬೈಲ್ ಇತ್ತು? ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹುಡುಗಿ ನಾಚಿಕೊಂಡು ಗಂಡನ ಹೆಸರು ಹೇಳುವಂತೆ ಕೊನೆಯನ್ನೇ ತಿರುಗಿಸಿ ಹಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಕಾರ್ಯಕ್ರಮ ಮುಗಿದ ಮೇಲೆ ಯಶೋದಕ್ಕ ಸೀದಾ ವೇದಿಕೆಯ ಹಿಂದೆ ಹೋದಳು. "ತಮ್ಮಾ, ಆ ಹಾಡು ನಂದು" ಎಂದಳು.

ಅವನು ಭಕ್ತಿಯಿಂದ ಕೈ ಮುಗಿದ. "ಹೌದಮ್ಮ, ಇದು ನಿಮ್ಮೆಲ್ಲರ ಹಾಡು. ನಾವು ಬರೀ ದನಿ."

"ನಮ್ಮೆಲ್ಲರದ್ದಲ್ಲ. ನಂದು. ನಾನು ಕಟ್ಟಿದ್ದು. ಕೊನೆ ಸೊಲ್ಲು ನೀನು ಕೆಡ್ಸಿದ್ದೀಯ."

"ಎಷ್ಟು ಮುಗ್ಧ ಜನ ನೋಡಿ" ಎಂದು ಅವನು ಪಕ್ಕದವರಿಗೆ ಹೇಳಿ, ಅವಳ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡ. ಮುಗ್ಧೆಯಂತೆ. ಯಶೋದಕ್ಕನ ಬಾಯಿಗೆ ಹೆದರಿ ಓಣಿಯ ನಾಯಿ ಕೂಡ ಸುತ್ತಿಕೊಂಡು ಹೋಗುತ್ತಿತ್ತು. ಆ ಫೋಟೋ ಅವನ ಪೇಜಿನಲ್ಲಿ ಈಗಲೂ ಇದೆ. ಕೆಳಗೆ 'ಮಣ್ಣಿನ ತಾಯಿ' ಅಂತ ಬರೆದಿದ್ದಾನೆ, ಹೆಸರು ಬರೆದಿಲ್ಲ.

ಮುಂದಿನದು ಇನ್ನೂ ಅನ್ಯಾಯ. ತೀರ್ಥಹಳ್ಳಿಯ ಒಂದು ಮದುವೆಯಲ್ಲಿ ಅವಳು ಆ ಹಾಡು ಎತ್ತಿದಾಗ ಹುಡುಗಿಯೊಬ್ಬಳು ಫೋನಿನಲ್ಲಿ ಬ್ಯಾಂಡಿನವರ ಹಾಡು ತೋರಿಸಿ, "ಆಂಟಿ, ಒರಿಜಿನಲ್ಲಲ್ಲಿ ಹಂಗಿಲ್ಲ" ಎಂದು ತಿದ್ದಿದಳು. ಯಶೋದಕ್ಕ ಹಾಡನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಬಸ್ಸಿನಲ್ಲಿ ಸಾಗರ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಬಸ್ಸು ಇಳಿದ ಮೇಲೆ ಇಷ್ಟೇ ಅಂದಳು: "ಮನೆಯವ್ನು ಜೀವ ಇರೋ ತನಕ ನನ್ನ 'ಏ, ಇವ್ಳೇ' ಅಂದ. ಹಾಡೂ ಹಂಗೇ ಅನ್ನಕ್ಕೆ ಶುರು ಮಾಡ್ತಲ್ಲೆ."

ಕೊನೆಯ ಸಲ ಅವಳನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಕ್ಯಾನ್ಸರ್ ಆಗಲೇ ಗಂಟಲಿಗೆ ಹಬ್ಬಿತ್ತು. ಆ ಬ್ಯಾಂಡಿನವನ ಕಾಲು ಹಿಡಿದಾದರೂ ನಿನ್ನ ಹೆಸರು ಹಾಕಿಸುತ್ತೇನೆ ಅಂದೆ. ಅವಳಿಗೆ ಸಿಟ್ಟು ಬಂತು. "ಕಾಲು ಗೀಲು ಹಿಡಿದ್ಯೋ, ನೋಡು ಮತ್ತೆ. ಹಾಡು ಬಾಗ್ಲಲ್ಲಿ ಹುಟ್ಟಿದ್ದು. ಬಾಗ್ಲಲ್ಲೇ ನಿಂತು ಕೇಳು."

ಅವಳು ಹೋದ ಮೇಲೆ, ಮೊನ್ನೆ ಕೋಣಂದೂರಿನಲ್ಲಿ ನನ್ನ ಅಣ್ಣನ ಮಗನ ಮದುವೆ. ಹೆಣ್ಣು ಬಾಗಿಲಿಗೆ ಬರುತ್ತಿದ್ದಂತೆ ಡಿಜೆ ಹುಡುಗ ಗಿಟಾರಿನ ಆ ಹಾಡು ಹಾಕಿದ. ನಾನು ಹೋಗಿ ಪ್ಲಗ್ಗು ಕಿತ್ತೆ.

"ಯಾಕೆ ಆಂಟಿ, ಜನಪದ ಅದು. ಯಾರ್ದೂ ಅಲ್ಲ."

"ಯಾರ್ದೂ ಅಲ್ಲ ಅನ್ನಕ್ಕೆ ಅದೇನು ರಸ್ತೆ ಮೇಲೆ ಬಿದ್ದು ಸಿಕ್ತೇನೋ ನಿಂಗೆ?"

ಸೊಲ್ಲು ಎತ್ತಿಕೊಳ್ಳುವುದು ಮಾತ್ರ ಗೊತ್ತಿದ್ದವಳು ನಾನು. ಅವತ್ತು ಹೊಸ್ತಿಲ ಮೇಲೆ ಅಡ್ಡ ನಿಂತು, ಮೊದಲ ಸಲ ಮೊದಲ ಸೊಲ್ಲು ನಾನೇ ಹೇಳಿದೆ. ಫೋನಿನ ಸೊಲ್ಲನ್ನೂ ಬಿಡಲಿಲ್ಲ. ಹುಡುಗಿ ಗಂಡನ ಹೆಸರು ಹೇಳಿದಳು. ನನ್ನ ಅಣ್ಣನ ಮಗ ಹೆಂಡತಿಯ ಹೆಸರು ಹೇಳಿದ. ಆದರೂ ನಾನು ಸರಿಯಲಿಲ್ಲ.

"ಇನ್ನೆಂತ ಅತ್ತೆ? ಇಬ್ರದ್ದೂ ಆಯ್ತಲ್ಲ."

"ಇನ್ನೊಂದು ಹೆಸ್ರು ಬಾಕಿ ಅದೆ. ಈ ಹಾಡು ಕಟ್ಟಿದೋಳದ್ದು. ಸಾಗರದ ಟೈಲರ್ ಯಶೋದಕ್ಕ. ಇಬ್ರೂ ಹೇಳಿ, ಆಮೇಲೆ ಒಳಗೆ ಬನ್ನಿ."

ಹುಡುಗ ಹೆಂಡತಿಯ ಮುಖ ನೋಡಿದ. ಹುಡುಗಿ ಸೆರಗು ಸರಿಮಾಡಿಕೊಂಡು, ಗಂಡನ ಹೆಸರು ಹೇಳಿದ್ದಕ್ಕಿಂತ ಗಟ್ಟಿಯಾಗಿ "ಯಶೋದಕ್ಕ" ಎಂದಳು. ಅವನೂ ಹೇಳಿದ. ನಾನು ಬಾಗಿಲು ಬಿಟ್ಟೆ.