ಇಟಲಿಯಲ್ಲಿ ಎರಡು ದಿನ

ಡಬ್ಲಿನ್‌ನ ಗೆಳತಿ ಸವಿತಾಳ ಮನೆಬಾಗಿಲಲ್ಲಿ ನಾನು ಕೈ ಚಾಚಿದೊಡನೆ, ಹನ್ನೊಂದು ತಿಂಗಳ ನನ್ನ ಮಗಳು ಕಿಟಾರನೆ ಕಿರುಚಿ ಅವಳ ಕುತ್ತಿಗೆಗೆ ಜೋತುಬಿದ್ದಳು.

ನಾವು ನೆಲೆಸಿದ್ದ ಐರ್ಲೆಂಡಿನಲ್ಲಿ ಎಲ್ಲರ ಕೈಯಲ್ಲೂ ದುಡ್ಡಾಡುತ್ತಿದ್ದ ಕಾಲ. ಇಟಲಿಯ ಗುಡ್ಡದ ಮೇಲಿನ ಹಳೇ ಊರೊಂದರಲ್ಲಿ ಎರಡು ದಿನ ಹಾಯಾಗಿರೋಣವೆಂದು, ಮಗುವನ್ನು ಅವಳಿಗೊಪ್ಪಿಸಿ ಗಂಡನೊಂದಿಗೆ ಹೋಗಿದ್ದೆ. ಇಟಲಿಗೆ ವೀಸಾ ಮಾಡಿಸಿದ್ದ ನಾವು, ಐರ್ಲೆಂಡಿಗೆ ಮರಳಲೂ ಬೇರೆ ವೀಸಾ ಬೇಕೆಂಬುದನ್ನೇ ಮರೆತಿದ್ದೆವು. ವಾಪಸಾಗುವಾಗ ವಿಮಾನ ಹತ್ತಲು ಬಿಡಲಿಲ್ಲ. ವೀಸಾ ಸಿಗುವಷ್ಟರಲ್ಲಿ ಇಪ್ಪತ್ತು ದಿನ ಕಳೆದು, ನನ್ನ ಎದೆಹಾಲು ಬತ್ತಿತ್ತು.

“ಎರಡು ದಿನ ಅತ್ಲು ಅಷ್ಟೇ ಕಣೇ, ಆಮೇಲೆ ಗ್ರ್ಯಾಂಡ್ ಆಗಿ, ಆರಾಮಾಗಿದ್ಳು,” ಎಂದು ಸವಿತಾ ಸಮಾಧಾನ ಹೇಳಿದಳು.

ಆ ಊರಿನ ಫೋಟೋ ರೀಲನ್ನು ನಾನು ಇಂದಿಗೂ ತೊಳೆಸಿಲ್ಲ. ಮಗಳು ಅತ್ತ ಆ ಎರಡು ದಿನವೂ ನಾನು ಅದರಲ್ಲಿ ನಗುತ್ತಿದ್ದೇನೆ.