ಎರಡನೇ ಗುಂಡಿ

ಆರಡಿಯ ಮೇಲೆ ಎರಡಂಗುಲ ಎತ್ತರದ ಬಂದೇಸಾಬ ಸಿಂಧನೂರಿನ ಅಕ್ಕಿ ಗಿರಣಿಯ ಅಂಗಳದಲ್ಲಿ, ಹಾಡುಹಗಲೇ, ತಾನೇ ರಿಪೇರಿ ಮಾಡಿದ ಕಾರಿನ ಸೀಟಿಗೂ ಸ್ಟೇರಿಂಗಿಗೂ ನಡುವೆ ಸಿಕ್ಕಿಹಾಕಿಕೊಂಡ.

ಆದದ್ದಿಷ್ಟು. ಸೀಟನ್ನು ಹಿಂದೆ ಮುಂದೆ ಆಡಿಸುವ, ಅದರ ಕೆಳಗಿನ ಕರೆಂಟಿನ ಡಬ್ಬಿಯನ್ನು ಅಲ್ಲೇ ನೆರಳಲ್ಲಿ ಕೂತು ಬದಲಾಯಿಸಿದ್ದ. ಕೆಲಸ ಮುಗಿದ ಖುಷಿಗೆ ಗಿರಣಿಯ ಹಮಾಲರನ್ನೆಲ್ಲ ಕರೆದು, "ಈಗ ನೋಡ್ರಿ, ಹೆಂಗ ಮಾತು ಕೇಳತೈತಿ" ಎಂದು ಕೂತು ಕೀಲಿ ತಿರುಗಿಸಿದ. ಹಿಂದಕ್ಕೆ ಸರಿಯಬೇಕಾಗಿದ್ದ ಸೀಟು ಗುಂಯ್ ಎನ್ನುತ್ತ ಮುಂದಕ್ಕೆ ಹೊರಟಿತು. ನಿಲ್ಲುವ ಲಕ್ಷಣ ಕಾಣಲಿಲ್ಲ. ಮೊಣಕಾಲು ಗಲ್ಲಕ್ಕೆ ಬಂದವು, ಹೊಟ್ಟೆ ಹಾರ್ನಿನ ಮೇಲೆ ಕೂತಿತು, ಹಾರ್ನು ಒಂದೇ ಸಮನೆ ಅರಚತೊಡಗಿತು. ಹಮಾಲರ ಪೈಕಿ ಹಿರಿಯನಾದ ಹನುಮಂತು ಬಂದು ಒಂದು ಕಾಲು ಹಿಡಿದ, ಇನ್ನೊಬ್ಬ ಇನ್ನೊಂದು ಹಿಡಿದ.

"ಮೇಸ್ತ್ರಿ, ಉಸುರು ಹೊರಗ ಬಿಡು! ನೂರು ಕೇಜಿ ಚೀಲ ಇಳಿಸೀವಿ, ನೀ ಏನ್ ಮಹಾ!"

"ಕಾಲು ಜಗ್ಗಬ್ಯಾಡ್ರೋ, ಪ್ಯಾಂಟು ಹೊಂಟೈತಿ!"

ಎಲ್ಲರೂ ನಕ್ಕರು. ಪಡಸಾಲೆಯ ಮೆಟ್ಟಿಲ ಮೇಲೆ ನಿಂತಿದ್ದ ಐಶ್ವರ್ಯಳಿಗೂ ನಗು ಬಂತು. ಅವಳ ಪಕ್ಕದಲ್ಲಿದ್ದ ತಾಯಿ ಪಂಪಮ್ಮ ನಗಲಿಲ್ಲ. ಬಂದೇಸಾಬ ಹೊರಬಿದ್ದ ಮೇಲೆ ಖಾಲಿಯಾದ ಸೀಟನ್ನೇ ಆಕೆ ನೋಡುತ್ತಿದ್ದಳು. ಸ್ಟೇರಿಂಗಿಗೆ ಅಂಟಿಕೊಂಡಂತೆ ಬಂದು ನಿಂತಿತ್ತದು, ಬೆನ್ನು ನೆಟ್ಟಗೆ ಮಾಡಿಕೊಂಡು. ಎಡಗಡೆಯ ಕನ್ನಡಿ ತಲೆ ತಗ್ಗಿಸಿ ಹಿಂದಿನ ಗಾಲಿಯನ್ನು ನೋಡುತ್ತಿತ್ತು.

"ಇವರು ಯಾರು?" ಎಂದು ಕೇಳಿದಳು ಪಂಪಮ್ಮ.

ನಗು ಅಲ್ಲಿಗೆ ನಿಂತಿತು.

ಆ ಪ್ರಶ್ನೆ ಅರ್ಥವಾಗಬೇಕಾದರೆ ಕಾರಿನ ಪೂರ್ವಾಪರ ಗೊತ್ತಿರಬೇಕು. ಕಾಲುವೆ ನೀರು ಬಂದು, ಭತ್ತ ಬೆಳೆದು, ಗಿರಣಿಗಳ ಹೊಗೆ ಎದ್ದ ಊರು ಸಿಂಧನೂರು. ಹೈದರಾಬಾದಿನ ಶ್ರೀಮಂತರು ಓಡಿಸಿ ಬೇಸತ್ತ ಜರ್ಮನ್ ಕಾರುಗಳು ಮೂರನೇ ಕೈಗೆ ಈ ಊರಿಗೆ ಬಂದು ಸೇರುತ್ತವೆ. ಕೊಳ್ಳುವಾಗ ಕುರಿಯಷ್ಟು ಅಗ್ಗ, ಸಾಕುವಾಗ ಆನೆ. ಅಂಥ ಆನೆಗಳಿಗೆಲ್ಲ ಮಾವುತ ಒಬ್ಬನೇ, ಮಸ್ಕಿ ರಸ್ತೆಯ ತಗಡಿನ ಶೆಡ್ಡಿನ ಬಂದೇಸಾಬ. ಪಾಮನಕಲ್ಲೂರಿನವನು. ಟ್ರ್ಯಾಕ್ಟರಿನಲ್ಲಿ ಕೈ ಕಪ್ಪು ಮಾಡಿಕೊಂಡು, ಆಮೇಲೆ ಹೈದರಾಬಾದಿನಲ್ಲಿ ಒಂಬತ್ತು ವರ್ಷ ಇಂಥ ಕಾರುಗಳ ಕೆಳಗೆ ಅಂಗಾತ ಮಲಗಿ ಬಂದವನು. "ದೊಡ್ಡೋರ ಕಾರು ಮ್ಯಾಲಿಂದ ಬಂಗಲೆ, ಕೆಳಗಿಂದ ನೋಡಿದ್ರ ಹಳೇ ಮಾಳಿಗಿ. ಎಲ್ಲಾ ಕಡೆ ಸೋರತೈತಿ" ಎನ್ನುವುದು ಅಲ್ಲಿ ಅವನು ಕಲಿತ ವಿದ್ಯೆಯ ಸಾರ.

ಕಂಪನಿಯ ಸಾಮಾನು ತರಿಸಿದರೆ ಮನೆ ಮಾರಬೇಕು. ಆದ್ದರಿಂದ ಬಂದೇಸಾಬ ಸಾಮಾನು ತರಿಸುವುದೇ ಕಡಿಮೆ. ಕಾರನ್ನು ಎತ್ತಿ ಹಿಡಿಯುವ ಗಾಳಿಚೀಲ ತೂತಾದರೆ ಟ್ರ್ಯಾಕ್ಟರ್ ಟ್ಯೂಬಿನ ತೇಪೆ. ಕಿಟಕಿಯ ಗಾಜು ಏಳದಿದ್ದರೆ ಒಳಗೆ ಬೈಕಿನ ಕ್ಲಚ್ ವೈರು. ಮಾಡಿನ ಗಾಜಿನಿಂದ ನೀರಿಳಿಯುವ ಸಣ್ಣ ಕೊಳವೆಗಳಲ್ಲಿ ಗಿರಣಿಯ ತೌಡು ಹೆಪ್ಪುಗಟ್ಟಿದರೆ ಸೈಕಲ್ ಬ್ರೇಕಿನ ತಂತಿ ತೂರಿಸಿ ಊದುತ್ತಾನೆ. ತೀರಾ ಆಗದಿದ್ದರೆ ಮಾತ್ರ ಹೈದರಾಬಾದಿನ ಗುಜರಿಯ ಇಲಿಯಾಸನಿಗೆ ಫೋನು. ಗಿರಣಿಗಳಿರುವ ಊರಿನಲ್ಲಿ ಇಲಿಗಳಿಗೆ ಬರವಿಲ್ಲ, ವೈರಿನ ರುಚಿಯೂ ಅವಕ್ಕೆ ಹತ್ತಿಬಿಟ್ಟಿದೆ. ಹೀಗಾಗಿ ಇಲಿ ಕಡಿದದ್ದನ್ನು ಇಲಿಯಾಸ ಕೊಡುತ್ತಾನೆ. ಒಂದು ಕರಾರು: ಕೆಟ್ಟ ಸಾಮಾನನ್ನು ಅವನಿಗೆ ಕೊಡಬೇಕು, ಆಗಲೇ ಒಳ್ಳೆಯದು ಅಗ್ಗಕ್ಕೆ ಬರುವುದು.

ಗಿರಣಿ ಸಾವ್ಕಾರ ದೊಡ್ಡಬಸಪ್ಪನವರ ಕಪ್ಪು ಕಾರು ಅವನ ಹಳೆಯ ರೋಗಿ. ವರ್ಷದಲ್ಲಿ ಏಳು ತಿಂಗಳು ಶೆಡ್ಡಿನಲ್ಲಿ, ಐದು ತಿಂಗಳು ಗಿರಣಿಯಲ್ಲಿ. ಸಾವ್ಕಾರರು ಬೇಸರಪಡುತ್ತಿರಲಿಲ್ಲ. "ನಾ ಇಟಕೊಂಡೀನಿ, ಅವ ಸಾಕ್ಯಾನ" ಎಂದು ನಗುತ್ತಿದ್ದರು. ಅವರೂ ಎತ್ತರದ ಆಳು. ಮೂರು ವರ್ಷದ ಹಿಂದೆ ದಢೇಸುಗೂರಿನ ಗದ್ದೆಯ ಬದುವಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅಲ್ಲೇ ಹೊಲದಲ್ಲಿ, ಪದ್ಧತಿಯಂತೆ ಕೂತ ಭಂಗಿಯಲ್ಲೇ, ಕೈಯಲ್ಲಿ ಲಿಂಗ ಇಟ್ಟು ಮಣ್ಣು ಕೊಟ್ಟರು.

ಎಂಟು ತಿಂಗಳು ಕಾರನ್ನು ಯಾರೂ ಮುಟ್ಟಲಿಲ್ಲ. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಐಶ್ವರ್ಯ ಒಂದು ದಿನ, ಬಸ್ಸಿನ ನೂಕುನುಗ್ಗಲು ಸಾಕಾಗಿ, ಹೊದಿಕೆ ಸರಿಸಿ, ಬಾಗಿಲು ತೆರೆದು, ಕೈ ಚಾಚಿ ಕೀಲಿ ತಿರುಗಿಸಿದಳು. ಖಾಲಿ ಸೀಟು ತಾನಾಗಿ ಹಿಂದಕ್ಕೆ ಸರಿಯಿತು. ಬೆನ್ನು ಸ್ವಲ್ಪ ಒರಗಿಸಿಕೊಂಡಿತು. ಸ್ಟೇರಿಂಗು ಕೆಳಗಿಳಿಯಿತು. ಎರಡೂ ಕಡೆಯ ಕನ್ನಡಿಗಳು ಮೆಲ್ಲಗೆ ತಿರುಗಿ ಯಾರದೋ ಕಣ್ಣಿಗೆ ಹೊಂದಿಕೊಂಡವು.

ಹಿಂದೆ ನಿಂತಿದ್ದ ಪಂಪಮ್ಮ, "ಕುಂತ್ರು" ಎಂದಳು, ಅಷ್ಟೇ.

ಅಂದಿನಿಂದ ಅದೊಂದು ಮನೆಯ ನಡವಳಿಕೆಯಾಯಿತು. ಸಂಜೆ ಐದಕ್ಕೆ ಗಿರಣಿಯ ಸದ್ದು ನಿಂತಾಗ ಪಂಪಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದಳು. ಐಶ್ವರ್ಯ ಹೊರಗೆ ನಿಂತೇ ಕೀಲಿ ತಿರುಗಿಸಬೇಕು. ಸೀಟು ಪೂರ್ತಿ ಕೂತಾಗುವ ತನಕ ಮಾತಿಲ್ಲ, ಹಿರಿಯರು ಪಂಕ್ತಿಯಲ್ಲಿ ಕೂರುವ ತನಕ ಮಿಕ್ಕವರು ನಿಲ್ಲುವ ಹಾಗೆ. ಆಮೇಲೆ ಕಾಲು ಗಂಟೆ ಪಂಪಮ್ಮ ಆ ಖಾಲಿ ಜಾಗದ ಜೊತೆ ಗಿರಣಿಯ ವಿಷಯ, ಮಳೆಯ ವಿಷಯ, ಮಗಳ ಹಟದ ವಿಷಯ ಮಾತಾಡುವಳು. ಸಾವ್ಕಾರರಿಗೆ ಹೊಲದಲ್ಲೊಂದು ಗುಂಡಿಯಾದರೆ ಕಾರಿನಲ್ಲಿ ಇನ್ನೊಂದು. ಬಾಗಿಲಿನ ಒಳಮೈಗೆ ಒಂದು, ಎರಡು, ಮೂರು ಎಂದು ಬರೆದ ಪುಟ್ಟ ಗುಂಡಿಗಳಿದ್ದವು. ಒತ್ತಿ ಹಿಡಿದರೆ ಒಂದೊಂದೂ ಒಬ್ಬೊಬ್ಬರು ಕೂರುವ ಅಳತೆಯನ್ನು ನೆನಪಿಟ್ಟುಕೊಳ್ಳುತ್ತಿತ್ತು. ಸೀಟು ಹೋಗಿ ನಿಲ್ಲುತ್ತಿದ್ದದ್ದು ಎರಡನೆಯದರ ನೆನಪಿಗೆ ಎಂದು ಬಂದೇಸಾಬ ಹೇಳಿದ್ದ. ಇಲಿ ಎಲ್ಲೋ ವೈರು ಕಡಿದಿದೆ ಎಂದೂ ಹೇಳಿದ್ದ. ಪಂಪಮ್ಮ ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡಿದ್ದಳು.

ಐಶ್ವರ್ಯ ವಿಜ್ಞಾನ ಓದಿದವಳು. ಆದರೂ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಸೀಟು ಹಿಂದೆ ಹೋಗಿ ನಿಲ್ಲುವ ತನಕ ಅವಳೂ ಕಾಯುತ್ತಿದ್ದಳು. ಆಮೇಲಷ್ಟೇ ಅದನ್ನು ಮುಂದೆ ತಂದು, "ಅಪ್ಪಾಜಿ, ಸ್ವಲ್ಪ ಸರೀರಿ" ಎಂದು ಬಾಯಲ್ಲೇ ಅಂದುಕೊಂಡು ಕೂರುತ್ತಿದ್ದಳು. ಸರಿದ ಅಪ್ಪಾಜಿ ಸುಮ್ಮನಿದ್ದರೆ ಸರಿಯಿತ್ತು. ಮೊನ್ನೆ ಮಸ್ಕಿಯ ಹತ್ತಿರದ ಸೇತುವೆಯ ಮೇಲೆ, ಎದುರಿಗೆ ಭತ್ತದ ಲಾರಿ ಬರುತ್ತಿದ್ದಾಗ, ಸೀಟು ಗುಂಯ್ ಎಂದು ಹಿಂದಕ್ಕೆ ಜಾರಿತು. ಅವಳ ಕಾಲಿಗೆ ಬ್ರೇಕು ಸಿಗಲಿಲ್ಲ. ಲಾರಿಯವನು ಬೈದ ಬೈಗುಳ ಕೇಳುವಷ್ಟು ಜೀವ ಉಳಿದದ್ದೇ ಪುಣ್ಯ.

ತಾಯಿಗೆ ಹೇಳದೆ ಅವಳು ಬಂದೇಸಾಬನಿಗೆ ಹೇಳಿದಳು. ಗುಂಡಿಗಳ ನೆನಪೆಲ್ಲ ಇರುವುದು ಸೀಟಿನ ಕೆಳಗಿನ ಡಬ್ಬಿಯಲ್ಲಿ, ಅದನ್ನು ಬದಲಾಯಿಸಿದರೆ ಅಪ್ಪನ ಜಾಗ ಅಳಿಸಿಹೋಗುತ್ತದೆಂಬುದು ಅವಳಿಗೆ ತಿಳಿದಿತ್ತು. ಅವ್ವ ಎರಡು ದಿನ ಅತ್ತು ಸುಮ್ಮನಾಗುತ್ತಾಳೆಂದು ಲೆಕ್ಕ ಹಾಕಿದ್ದಳು. ಇಲಿಯಾಸನ ಡಬ್ಬಿ ಬರಿದಾಗಿ ಬರುವುದಿಲ್ಲ, ಅದು ಮೊದಲಿದ್ದ ಕಾರಿನ ಯಾರನ್ನೋ ಕೂರಿಸಿಕೊಂಡು ಬರುತ್ತದೆ ಎಂಬುದು ಅವಳ ಲೆಕ್ಕದಲ್ಲಿರಲಿಲ್ಲ.

ಪಂಪಮ್ಮ ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಆಕೆ ಕಾರಿನ ಹತ್ತಿರ ಸುಳಿಯುವುದನ್ನು ಬಿಟ್ಟಳು. ಆಮೇಲೆ ಊಟವನ್ನೂ ಬಿಟ್ಟಳು. ಹೊತ್ತಿಗೊಂದು ಬಟ್ಟಲು ಗಂಜಿ, ಅದೂ ಮಗಳು ಎದುರಿಗೆ ಕೂತರೆ. ಐದು ಗಂಟೆಗೆ ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲುವಳು, ಬೆನ್ನು ಕಾರಿನ ಕಡೆಗೆ.

"ಯವ್ವಾ, ಹಂಗ ನೋಡಿದ್ರ ಅದೊಂದು ಮೋಟರು. ಮೋಟರಿಗೆ ಮಂದಿ ಗುರ್ತು ಇರತೈತೇನು?"

"ಹೌದವ್ವಾ, ನೀ ಓದಿದಾಕಿ. ನಿಮ್ಮಪ್ಪನ್ನ ಎಬ್ಬಿಸಿ ಯಾವನ್ನೋ ತಂದು ಕುಂದ್ರಿಸೀದಿ. ಅವರೀಗ ಎಲ್ಲಿ ನಿಂತಾರೋ. ಕುಂತ ಮನುಷ್ಯಾರು, ನಿಂದ್ರೂದು ಆಗಂಗಿಲ್ಲ ಅವರಿಗೆ."

ಆ ಮಾತಿನ ಮೇಲೆ ಐಶ್ವರ್ಯಳಿಗೆ ರಸ್ತೆಯೂ ಹಿತವೆನಿಸಲಿಲ್ಲ. ಕೀಲಿ ತಿರುಗಿಸಿದಾಗೆಲ್ಲ ಆ ಗಿಡ್ಡ ಮನುಷ್ಯ ಮುಂದಕ್ಕೆ ಬಂದು ಕೂರುತ್ತಿದ್ದ. ಸ್ಟೇರಿಂಗನ್ನು ಎದೆಗವಚಿಕೊಂಡು, ಹಿಂದಿನ ಗಾಲಿಯನ್ನೇ ನೋಡುತ್ತ ಓಡಿಸುವವನು. ಅವನಿಗೆ ಯಾವುದರ ಹೆದರಿಕೆ? ಗಾಲಿಯ ಹಿಂದೆ ಅವನು ಹುಡುಕುತ್ತಿದ್ದದ್ದು ಏನನ್ನು? ಮಸ್ಕಿ ದಾಟಿದ ಮೇಲೆ ಬರುವ ಬೋಳು ಗುಡ್ಡಗಳ ನಡುವೆ ಅವಳ ಕಣ್ಣೂ ಆ ಕನ್ನಡಿಗೇ ಹೋಗುತ್ತಿತ್ತು. ಅದರಲ್ಲಿ ಟಾರು, ಗಾಲಿ, ಮತ್ತೆ ಟಾರು. ಅವಳು ಅದನ್ನು ಮೇಲೆತ್ತುವಳು. ಮರುದಿನ ಬೆಳಿಗ್ಗೆ ಅದು ಮತ್ತೆ ತಲೆ ತಗ್ಗಿಸುವುದು. ನಾಲ್ಕನೆಯ ದಿನ ಅವಳು ಮತ್ತೆ ಬಸ್ಸು ಹಿಡಿದಳು.

ಎಂಟನೆಯ ದಿನ ಶೆಡ್ಡಿಗೆ ಹೋದಳು.

"ಕಾಕಾ, ಹಳೇ ಡಬ್ಬಿನ ವಾಪಸ್ ಹಾಕ್ರಿ. ಸೀಟು ಜಾರಿದ್ರೂ ಚಿಂತಿಲ್ಲ. ಅವ್ವ ಉಣವಲ್ಲಳು."

ಬಂದೇಸಾಬ ಕೈ ಒರೆಸಿಕೊಂಡು ಇಲಿಯಾಸನಿಗೆ ಫೋನು ಹಚ್ಚಿ, ಅವಳಿಗೂ ಕೇಳುವಂತೆ ಇಟ್ಟ.

"ಹಳೇ ಡಬ್ಬಿ? ಶುಕ್ರವಾರ ಪುಡಿ ಆಗಿ ಕರಗಾಕ ಹೋತು, ಭಾಯಿ."

"ನೀ ಕೊಟ್ಟ ಡಬ್ಬಿ ಯಾವ ಗಾಡೀದಪ್ಪಾ? ಅದರಾಗ ಯಾರೋ ಕುಂತಾರ."

"ಅದನ್ನ ಕೇಳಬ್ಯಾಡ" ಎಂದು ಇಲಿಯಾಸ ಫೋನಿಟ್ಟ.

ಐಶ್ವರ್ಯ ಟೈರಿನ ಮೇಲೆ ಕೂತಳು. "ಅಳತಿನಾದ್ರೂ ತಗೊಂಡಿದ್ರೇನು ಕಾಕಾ, ಡಬ್ಬಿ ತಗಿಯೂ ಮುಂದ? ದಾರ ಹಿಡಿದು, ಚಾಕ್‌ಪೀಸಿನಾಗ ಗೀಟು ಹಾಕಿ, ಏನರ?"

"ಇಲ್ಲವ್ವಾ." ಅವನು ತಲೆ ತಗ್ಗಿಸಿ ತನ್ನ ಕಾಲುಗಳನ್ನೇ ನೋಡಿಕೊಂಡ. ಸಾವ್ಕಾರರ ನೆನಪಿಗೆ ದುಃಖ ಒತ್ತರಿಸಿತೇನೋ ಎಂದುಕೊಂಡಳು ಅವಳು. ಕೊನೆಗೆ ತಲೆ ಕೆರೆದುಕೊಂಡು, "ನಡೀ, ನೋಡೂಣು. ಆಗತೈತಿ" ಎಂದ.

ಗಿರಣಿಯ ಅಂಗಳಕ್ಕೆ ಬಂದಾಗ ಐದಾಗಲು ಇನ್ನೂ ಹತ್ತು ನಿಮಿಷವಿತ್ತು. ಬಂದೇಸಾಬ ಈ ಸಲ ಹೊರಗೆ ನಿಂತೇ ಕೀಲಿ ತಿರುಗಿಸಿದ. ಗಿಡ್ಡ ಮನುಷ್ಯ ಮುಂದೆ ಬಂದು ಕೂತ. ಬಂದೇಸಾಬ ಸೀಟಿನ ಪಕ್ಕದ ಸ್ವಿಚ್ಚು ಒತ್ತಿ ಅದನ್ನು ಹಿಂದೆ ತಳ್ಳಿ, ತಾನು ಒಳಗೆ ಕೂತು, ಕಣ್ಣು ಮುಚ್ಚಿದ. ಸೀಟು ಇನ್ನಷ್ಟು ಹಿಂದೆ ಹೋಯಿತು, ತುಸು ಕೆಳಗಿಳಿಯಿತು, ಬೆನ್ನು ಒರಗಿತು. ಸ್ಟೇರಿಂಗು ಇಳಿಯಿತು. ಕಣ್ಣು ತೆರೆದು ಕನ್ನಡಿಗಳನ್ನು ಅಷ್ಟಿಷ್ಟು ತಿರುಗಿಸಿದ. ಎರಡನೇ ಗುಂಡಿಯನ್ನು ಟುಂಯ್ ಎನ್ನುವ ತನಕ ಒತ್ತಿ ಹಿಡಿದ. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಕೀಲಿ ಹಿಂದಕ್ಕೆ ತಿರುಗಿಸಿ, ಸೀಟನ್ನು ಬೇಕೆಂದೇ ಅಸ್ತವ್ಯಸ್ತ ಮಾಡಿ ಇಳಿದ.

"ಅಮ್ಮಾರ, ಒಂದೀಟು ಬರ್ರಿ" ಎಂದು ಕೂಗಿದ.

ಪಂಪಮ್ಮ ಕಂಬ ಬಿಟ್ಟು ಬರಲು ಹೊತ್ತು ತೆಗೆದುಕೊಂಡಳು. ಎಂಟು ದಿನದ ಗಂಜಿ ಅವಳ ನಡಿಗೆಯಲ್ಲಿತ್ತು. ಎಡಗಡೆ ಕೂತು, ಸೆರಗು ಬಿಗಿ ಹಿಡಿದು, ಮುಂದಿನ ಗಾಜನ್ನೇ ನೋಡಿದಳು. ಐಶ್ವರ್ಯ ಕೈ ಚಾಚಿ ಕೀಲಿ ತಿರುಗಿಸಿದಳು. ಗುಂಯ್ ಎಂದಿತು. ಸೀಟು ಹಿಂದೆ ಸರಿದು, ಇಳಿದು, ಒರಗಿತು. ಸ್ಟೇರಿಂಗು ಬಾಗಿತು. ಕನ್ನಡಿಗಳು ನಿಧಾನಕ್ಕೆ ತಲೆಯೆತ್ತಿ ಸಂಜೆಯ ಅಂಗಳವನ್ನು, ಭತ್ತದ ರಾಶಿಯನ್ನು, ಕಾಲುವೆಯ ಕಡೆಯ ಆಕಾಶವನ್ನು ನೋಡಿದವು.

ಪಂಪಮ್ಮ ಮೆಲ್ಲಗೆ ಕುತ್ತಿಗೆ ಹೊರಳಿಸಿದಳು. ಖಾಲಿ ಜಾಗವನ್ನು ಪಾದದಿಂದ ನೆತ್ತಿಯ ತನಕ ಅಳೆದಳು.

"ಎಲ್ಲಿ ಹೋಗಿದ್ರಿ?" ಎಂದಳು ಅದಕ್ಕೆ. ದನಿಯಲ್ಲಿ ಹಳೆಯ ಗದರಿಕೆಯೇ ಇತ್ತು. ಆಮೇಲೆ ಮಗಳ ಕಡೆ ತಿರುಗಿ, "ಬಾಗಲಾ ಹಾಕವ್ವಾ, ಧೂಳು ಬರತೈತಿ. ಒಳಗ ರೊಟ್ಟಿ ಬಡಿಯಾಕ ಹೇಳು. ಎರಡು, ಬಿಸಿವು."

ಐಶ್ವರ್ಯ ಬಾಗಿಲು ಮುಚ್ಚಿದಳು. ಗಾಜಿನ ಹಿಂದೆ ಅವ್ವನ ತುಟಿ ಆಡುತ್ತಿದ್ದವು, ಕೈ ಆಡುತ್ತಿದ್ದವು. ಎಂಟು ದಿನದ ಸುದ್ದಿ ಬಹಳವಿತ್ತು. ಒಂದು ಗಳಿಗೆ ಐಶ್ವರ್ಯಳಿಗೂ ಆ ಕಡೆಯ ಸೀಟಿನಲ್ಲಿ ಬಿಳಿ ಅಂಗಿಯೊಂದು ಕಂಡಂತಾಯಿತು. ಕಣ್ಣೊರೆಸಿಕೊಂಡು, ಸಲಕರಣೆ ಕಟ್ಟಿಕೊಳ್ಳುತ್ತಿದ್ದ ಬಂದೇಸಾಬನ ಹತ್ತಿರ ಬಂದಳು.

"ಕಾಕಾ, ಅಳತಿ ಇಲ್ಲ, ಗೀಟು ಇಲ್ಲ. ಅಪ್ಪಾಜಿ ಜಾಗ ಕೂದಲೆಳಿಯಷ್ಟೂ ತಪ್ಪದಂಗ ಹೆಂಗ ಸಿಕ್ತು ನಿಮಗ?"

ಬಂದೇಸಾಬ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ.

"ಅದು ನಂದ ಜಾಗವ್ವಾ, ಮೊದಲಿಂದಲೂ. ನಿಮ್ಮಪ್ಪಾಜಿಗೆ ಆ ಗುಂಡಿ ಯದಕ್ಕ ಐತಿ ಅಂತನ ಗೊತ್ತಿದ್ದಿಲ್ಲ. ಟ್ರಯಲ್ ಹೊಡಿಯೂ ಮುಂದ ನನಗ ಮೊಣಕಾಲು ಬಡೀತಿದ್ವು."